ಇನ್ನೊಂದು ಹಳದಿ ಗುರುತು

ಭಾನುವಾರ, ಫೆಬ್ರವರಿ 2, 2020. ರಾತ್ರಿ 11.40

ಅಪ್ಪನ ಲ್ಯಾಪ್‌ಟಾಪಿನ ಹಳದಿ ಗುರುತುಗಳಲ್ಲಿ ಮೂರು ಹೋದವು. ಒಂದು ಉಳಿದಿದೆ. ಕಣ್ಣು ಉರಿಯುತ್ತಿದೆ, ಆದರೂ ಇದನ್ನು ಬರೆಯದೆ ನಿದ್ದೆ ಬರೋ ಹಾಗಿಲ್ಲ.

ಅಕ್ಕನ ಹಳೇ ಲ್ಯಾಪ್‌ಟಾಪ್, 2011ರದ್ದು. ಈಗ ಅಪ್ಪನ ಹತ್ತಿರ ಇದೆ. ಜನವರಿ 14ಕ್ಕೆ ವಿಂಡೋಸ್ 7ರ ಅಪ್‌ಡೇಟ್ ನಿಂತುಹೋಯಿತಲ್ವಾ, ಅಪ್ಪ ಬ್ಯಾಂಕಿನ ಕೆಲಸವೆಲ್ಲ ಅದರಲ್ಲೇ ಮಾಡೋದು. ಅವತ್ತಿನಿಂದ ನನಗೆ ಸಮಾಧಾನವೇ ಇರಲಿಲ್ಲ. ನಿನ್ನೆ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ, ಎಸ್‌ಎಸ್‌ಡಿ ಅನ್ನೋ ಹೊಸ ಬಗೆಯ ಡಿಸ್ಕ್ ಕೂರಿಸಿ, ವಿಂಡೋಸ್ 10 ಹಾಕಿದೆ. ಒಳಗಿನ ಭಾಗಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್ ತೆಗೆದರೆ ನಾಲ್ಕು ಹಳದಿ ಗುರುತು. ಅಂದರೆ ಆ ನಾಲ್ಕು ಭಾಗಗಳನ್ನು ನಡೆಸೋ ಚಿಕ್ಕ ಸಾಫ್ಟ್‌ವೇರ್, ಡ್ರೈವರ್, ಇಲ್ಲ. ವೈಫೈ ಇಲ್ಲವೇ ಇಲ್ಲ. ಡ್ರೈವರ್ ತರೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು. ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ ಫೋನಿನ ನೆಟ್ಟನ್ನೇ ಕೊಟ್ಟೆ. ಅದಕ್ಕೆ ಬೇರೆ ಡ್ರೈವರ್ ಏನೂ ಕೇಳಲಿಲ್ಲ. ಅಪ್‌ಡೇಟ್ ತಾನಾಗೇ ಓಡಿ ಎರಡನ್ನು ತಂದು ಹಾಕಿತು.

ಮೂರನೇದು ಬೆಳಗ್ಗೆಯೆಲ್ಲ ತಿಂದಿತು. ಹೆಸರು ಬರೀ ‘ಬೇಸ್ ಸಿಸ್ಟಮ್ ಡಿವೈಸ್’. ಅದರಿಂದ ಯಾರಿಗೆ ಏನು ಗೊತ್ತಾಗುತ್ತೆ? ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿದೆ. ‘ವೆನ್’ ಅಂತ ಇರುವ ಕಡೆ ನಾಲ್ಕು ಅಕ್ಷರ ಬರುತ್ತಲ್ಲ, ಅದು ಚಿಪ್ ಮಾಡಿದವರ ಗುರುತು. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. ಇಲ್ಲಿ 1180 ಇತ್ತು. ರಿಕೋ. ಅಂದರೆ ಮೆಮೊರಿ ಕಾರ್ಡ್ ರೀಡರ್. ಅಪ್ಪನಿಗೆ ಅದು ಬೇಕೇ ಬೇಕು, ಕ್ಯಾಮೆರಾ ಕಾರ್ಡ್ ಹಾಕೋದು ಅಲ್ಲೇ.

ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಪಟ್ಟಿ ವಿಂಡೋಸ್ 7ಕ್ಕೇ ನಿಂತಿದೆ. ಆ ಸೆಟಪ್ ಫೈಲು ‘ಈ ಸಿಸ್ಟಮ್‌ಗೆ ಆಗಲ್ಲ’ ಅಂತ ಹೇಳಿ ಮುಚ್ಚಿಕೊಂಡಿತು. ಗಟ್ಟಿಮುಟ್ಟಾದ ಮೆಷಿನ್ನು, ಕೀಬೋರ್ಡಿನ ಒಂದು ಕೀ ಕೂಡ ಸವೆದಿಲ್ಲ. ಒಂದು ಚಿಕ್ಕ ಫೈಲ್ ಸಿಗಲಿಲ್ಲ ಅಂತ ಇದನ್ನು ಮೂಲೆಗೆ ಹಾಕೋದಾ? ನನಗೆ ನಿಜವಾಗಲೂ ಸಿಟ್ಟು ಬಂತು. ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಹುಡುಕಿ ಕೊಡ್ತೀವಿ ಅನ್ನೋ ಸಾಫ್ಟ್‌ವೇರ್‌ಗಳನ್ನಂತೂ ಅಪ್ಪನ ಮೆಷಿನ್ನಿಗೆ ನಾನು ಹಾಕಲ್ಲ.

ಆಮೇಲೆ ಹೊಳೆಯಿತು. ಹಳೇ ಡಿಸ್ಕ್ ಮೇಜಿನ ಮೇಲೇ ಇದೆ! ಯುಎಸ್‌ಬಿ ಕೇಸಿನಲ್ಲಿ ಹಾಕಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್ 32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್ ರೆಪಾಸಿಟರಿ. ಒಂಬತ್ತು ವರ್ಷದ ಡ್ರೈವರುಗಳೆಲ್ಲ ಅಲ್ಲೇ ಇವೆ. ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಿದೆ. ಹಳೇ ವಿಂಡೋಸೂ 64 ಬಿಟ್, ಹೊಸದೂ 64 ಬಿಟ್, ಅದು ಪುಣ್ಯ. 32 ಬಿಟ್ ಡ್ರೈವರ್ ಆಗಿದ್ದರೆ ನಡೀತಿರಲಿಲ್ಲ. ಹಳದಿ ಹೋಯಿತು. ಕಾರ್ಡ್ ಹಾಕಿದೆ, ಫೋಟೋ ಬಂದವು. ಅಪ್ಪನ್ನ ಕೂಗಿ ತೋರಿಸಿದೆ. ‘ಮೊದಲೂ ಬರ್ತಿತ್ತಲ್ಲ’ ಅಂದರು.

ನಾಲ್ಕನೇದಕ್ಕೆ ಹೆಸರೇ ಇಲ್ಲ. ‘ಅನ್‌ನೋನ್ ಡಿವೈಸ್’, ಕೋಡ್ 28, ಅಂದರೆ ಡ್ರೈವರ್ ಇಲ್ಲ. ಐಡಿಯಲ್ಲಿ ಎಸ್‌ಎಮ್‌ಓ 8800 ಅಂತಿತ್ತು. ಹುಡುಕಿದರೆ ಅದೊಂದು ಸೆನ್ಸರ್. ಲ್ಯಾಪ್‌ಟಾಪ್ ಕೈಜಾರಿ ಬೀಳುವಾಗ ಅದಕ್ಕೆ ಗೊತ್ತಾಗುತ್ತೆ. ಹಾರ್ಡ್ ಡಿಸ್ಕಿನೊಳಗೆ ತಿರುಗೋ ತಟ್ಟೆಗಳ ಮೇಲೆ ಓಡಾಡುತ್ತಾ ಓದಿ ಬರೆಯುವ ಹೆಡ್ಡನ್ನು, ಲ್ಯಾಪ್‌ಟಾಪ್ ನೆಲ ಮುಟ್ಟುವ ಮೊದಲೇ ಪಕ್ಕಕ್ಕೆ ಸರಿಸಬೇಕು. ಮೇಜಿನಿಂದ ನೆಲಕ್ಕೆ ಅರ್ಧ ಸೆಕೆಂಡೂ ಇಲ್ಲ. ಅಷ್ಟರೊಳಗೆ.

ಅಕ್ಕನಿಗೆ ಫೋನ್ ಮಾಡಿದೆ.

‘ಅಕ್ಕಾ, ಇದನ್ನ ಯಾವತ್ತಾದ್ರೂ ಬೀಳಿಸಿದ್ಯಾ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಯಾಕೋ? ಏನಾದ್ರೂ ಒಡೆದಿದ್ಯಾ?’

‘ಇಲ್ಲ, ಸುಮ್ನೆ ಕೇಳ್ದೆ.’

‘ಎರಡು ಸಲ. ಅಪ್ಪಂಗೆ ಹೇಳಿಲ್ಲ. ಒಂದ್ಸಲ ಮಂಚದಿಂದ. ಇನ್ನೊಂದು ಪ್ರಾಜೆಕ್ಟ್ ಕೊಡೋ ಹಿಂದಿನ ರಾತ್ರಿ, ಆನ್ ಇತ್ತು ಕಣೋ, ಫೈಲ್ ಸೇವ್ ಆಗ್ತಾ ಇತ್ತು. ನಾನು ನೆಲದ ಮೇಲೆ ಕೂತು ಅತ್ತೇಬಿಟ್ಟೆ. ಆಮೇಲೆ ತೆಗೆದು ನೋಡಿದ್ರೆ ಎಲ್ಲ ಸರಿಯಾಗೇ ಇತ್ತು. ದೇವರು ದೊಡ್ಡವನು ಅಂದ್ಕೊಂಡೆ.’

ಸೆನ್ಸರಿನ ವಿಷಯ ಹೇಳಿದೆ. ಅಕ್ಕ ತುಂಬಾ ಹೊತ್ತು ಸುಮ್ಮನಿದ್ದಳು. ‘ಈಗಲೂ ಇದ್ಯಾ ಅದು?’ ಅಂದಳು.

ಇದೆ. ಬೋರ್ಡಿನ ಮೇಲೆ ಎಲ್ಲೋ ಕೂತಿದೆ. ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಅದಕ್ಕಿನ್ನು ಕಾಯೋಕೆ ಏನೂ ಉಳಿದಿಲ್ಲ. ಡಿಸೇಬಲ್ ಮಾಡಿಬಿಟ್ಟರೆ ಹಳದಿ ಗುರುತೂ ಕಾಣಲ್ಲ, ಅಪ್ಪನೂ ಗಾಬರಿಯಾಗಿ ಫೋನ್ ಮಾಡಲ್ಲ. ಮೌಸ್ ಅಲ್ಲಿಗೇ ಒಯ್ದಿದ್ದೆ.

ಡ್ರೈವರ್ ಹಳೇ ಡಿಸ್ಕ್‌ನಲ್ಲಿ ಇದ್ದೇ ಇರುತ್ತೆ. ನಾಳೆ ಬೆಳಗ್ಗೆ ಅಪ್ಪ ಏಳುವ ಮುಂಚೆ ಇನ್ನೊಂದು ಸಲ ಸಿಕ್ಕಿಸಿ