ಕಂಚಿ ಮರದ ಚಿಗುರಿನಲ್ಲಿ ಕಂಡ ಕೀಟ

ದೀಪಾವಳಿ ಕಳೆದ ಮೇಲೆ ಶಿರಸಿ ಸಮೀಪದ ಮಾವನ ಮನೆಗೆ ನಾನು ಹೋದದ್ದು ನಿಂಬೆ ಜಾತಿಯ ಮರವಾದ ಕಂಚಿಯ ಕಸಿ ಕಡ್ಡಿಗಾಗಿ. ಅಡಿಕೆ ತೋಟದ ದರೆಯ ಮೇಲಿರುವ ಆ ಮರದ ಕಾಯಿ ಉಪ್ಪಿನಕಾಯಿಗೂ ಗೊಜ್ಜಿಗೂ ನಮ್ಮ ನೆಂಟರಲ್ಲೆಲ್ಲ ಹೆಸರಾದದ್ದು. ಆದರೆ ಸಸ್ಯರೋಗ ಶಾಸ್ತ್ರ ಓದಿದ ಮಾವನ ಮಗಳು ಕಡ್ಡಿ ಕೊಯ್ಯಲು ಬಿಡಲಿಲ್ಲ. ಮರದ ಒಂದು ಬದಿಯ ಕೊಂಬೆಗಳಷ್ಟೇ ಹಳದಿಗೆ ತಿರುಗಿದ್ದವು.

"ಗೊಬ್ಬರ ಸಾಲ್ತಿಲ್ಲೆ, ಅಷ್ಟೇಯ" ಎಂದು ಮಾವ ಹೇಳಿದಾಗ ಅವಳು ಎರಡು ಎಲೆಗಳನ್ನು ಕಿತ್ತು ಅವರ ಕೈಗಿಟ್ಟಳು. ಸತುವಿನ ಕೊರತೆಯಾದರೆ ನಡುನರದ ಎರಡೂ ಪಕ್ಕ ಒಂದೇ ರೀತಿಯಲ್ಲಿ, ನರಗಳ ನಡುವೆ ಹಳದಿ ಕಾಣುತ್ತದೆ. ಇಲ್ಲಿ ಎಡಕ್ಕಿದ್ದ ಮಚ್ಚೆ ಬಲಕ್ಕಿರಲಿಲ್ಲ, ಮಚ್ಚೆ ನರಗಳನ್ನೂ ದಾಟಿ ಹರಡಿತ್ತು. ಬಳಿಕ ಅವಳು ಭೂತಗನ್ನಡಿ ಹಿಡಿದು ಒಂದು ಎಳೆ ಚಿಗುರನ್ನು ತೋರಿಸಿದಳು. ಇನ್ನೂ ಬಿಚ್ಚಿಕೊಳ್ಳದ ಎಲೆಯ ಮಡಿಕೆಯಲ್ಲಿ ಕಿತ್ತಳೆ ಛಾಯೆಯ ಹಳದಿ ಮರಿಗಳು ಒತ್ತೊತ್ತಾಗಿ ಕುಳಿತಿದ್ದವು. ಅವುಗಳ ಹಿಂಬದಿಯಿಂದ ಬಿಳಿಯ ಮೇಣದ ಎಳೆಗಳು ಸುರುಳಿಯಾಗಿ ಹೊರಬರುತ್ತಿದ್ದವು, ಆ ಮರಿಗಳು ಹೊರಹಾಕುವ ಅಂಟು ಸಿಹಿಗಾಗಿ ಇರುವೆಗಳು ಸುತ್ತುತ್ತಿದ್ದವು. ಪಕ್ಕದ ಎಲೆಯ ಮೇಲೆ ಮೂರು ಮಿಲಿಮೀಟರಿನಷ್ಟು ಉದ್ದದ ಕಂದು ಕೀಟವೊಂದು ತಲೆ ತಗ್ಗಿಸಿ, ಹಿಂಭಾಗವನ್ನು ಓರೆಯಾಗಿ ಮೇಲೆತ್ತಿ ಕುಳಿತಿತ್ತು. ಇದೇ ನಿಂಬೆ ಜಾತಿಯ ಗಿಡಗಳನ್ನು ಕಾಡುವ ಸಿಲ್ಲಾ ಕೀಟ. ಜೋರು ಮಳೆಗೆ ಮೊಟ್ಟೆ, ಮರಿಗಳು ತೊಳೆದುಹೋಗುವುದರಿಂದ ನಮ್ಮ ಮಳೆಗಾಲದಲ್ಲಿ ಇದರ ಕಾಟ ಕಡಿಮೆ. ಮಳೆ ನಿಂತು ಚಿಗುರು ಬಂದಾಗ ಅದು ಹೆಚ್ಚುತ್ತದೆ.

ರಸ ಹೀರುವುದಕ್ಕಿಂತ ದೊಡ್ಡ ಕೇಡೆಂದರೆ, ಈ ಕೀಟ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ. ಎಲೆ ತಯಾರಿಸಿದ ಆಹಾರವನ್ನು ಸಾಗಿಸುವ ನಾಳಗಳಲ್ಲಿ ಆ ಬ್ಯಾಕ್ಟೀರಿಯಾ ನೆಲೆಸುವುದರಿಂದ ಪಿಷ್ಟ ಎಲೆಯಲ್ಲೇ ಉಳಿಯುತ್ತದೆ. ಅದನ್ನು ನೋಡಲು ಅವಳು ಎಲೆಯನ್ನು ಮರಳು ಕಾಗದದಿಂದ ಉಜ್ಜಿ, ಉದುರಿದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಅದಕ್ಕೆ ಪಿಷ್ಟವನ್ನು ಕಪ್ಪಾಗಿಸುವ ಅಯೋಡಿನ್ ಹಾಕಿದಳು. ನೀರು ಕಪ್ಪಾಯಿತು, ಹಸಿರು ಕೊಂಬೆಯ ಎಲೆಯದು ತಿಳಿ ಕಂದು ಬಣ್ಣದಲ್ಲೇ ಉಳಿಯಿತು. ಇದು ಸುಳಿವು ಮಾತ್ರ, ಖಚಿತವಾಗಲು ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಆಗಬೇಕೆಂದು ಎಲೆಗಳನ್ನು ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸಿದಳು.

ಈ ಕೀಟದ ಮೂಲ ದಕ್ಷಿಣ ಏಷ್ಯಾ ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ನಮ್ಮ ಕಡೆಯ ಈ ಹಳೆಯ ಕೀಟ ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಕಾಣಿಸಿಕೊಂಡಿತು, 2005ರಲ್ಲಿ ರೋಗವೂ ಪತ್ತೆಯಾಯಿತು. 2003–04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆಯಷ್ಟಿದ್ದ ಅಲ್ಲಿನ ಕಿತ್ತಳೆ ಬೆಳೆ 2023–24ರ ಹೊತ್ತಿಗೆ 2 ಕೋಟಿಗಿಂತ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಇದರಲ್ಲಿದೆ. ಸಿಲ್ಲಾದ ಮರಿಗಳ ಮೇಲೆ ಮೊಟ್ಟೆಯಿಡುವ ಟಮಾರಿಕ್ಸಿಯಾ ಎಂಬ ಪುಟ್ಟ ಕಣಜವನ್ನು ಪಾಕಿಸ್ತಾನದ ಪಂಜಾಬಿನಿಂದ ತರಿಸಿ 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು. ಊರಿನ ಕೀಟಕ್ಕೆ ಊರಿನ ಶತ್ರು ಇರುತ್ತದೆಂದು ನಾವು ನಿಶ್ಚಿಂತರಾಗುವಂತಿಲ್ಲ: ಇರುವೆಗಳು ಕಾವಲಿದ್ದಲ್ಲಿ ಆ ಕಣಜಕ್ಕೆ ಮರಿಗಳನ್ನು ಮುಟ್ಟುವುದು ಕಷ್ಟ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇದ್ದ ಕಾರಣಗಳಲ್ಲಿ ಈ ರೋಗವೂ ಒಂದು.

ಕಸಿಯ ಮೂಲಕವೂ ರೋಗ ಹರಡುತ್ತದೆ ಎಂದು ಕೇಳಿದಾಗ ನನಗೆ ನಿಜವಾದ ದಿಗಿಲಾಯಿತು. ನಮ್ಮಲ್ಲಿ ಒಳ್ಳೆಯ ಮರದ ಕಡ್ಡಿ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಮರ ಹಳದಿಯಾಗುವ ಮೊದಲೇ ಕಡ್ಡಿಯಲ್ಲಿ ಬ್ಯಾಕ್ಟೀರಿಯಾ ಇರಬಹುದು.

ವರದಿ ರೋಗವನ್ನು ದೃಢಪಡಿಸಿತು. ಇದಕ್ಕೆ ಔಷಧವಿಲ್ಲದ ಕಾರಣ ಮರ ಕಡಿಯುವುದಕ್ಕೆ ಮಾವ ಒಪ್ಪಿದರು. ಆದರೆ ಸಿಲ್ಲಾಕ್ಕೆ ಕರಿಬೇವೂ ಆಶ್ರಯವಾದ್ದರಿಂದ ಹಿತ್ತಿಲಿನ ಆ ಗಿಡವನ್ನೂ ತೆಗೆಯಬೇಕೆಂದಾಗ ಅತ್ತೆ ಸುತರಾಂ ಒಪ್ಪಲಿಲ್ಲ. ಕಡೆಗೆ, ಅದರ ಚಿಗುರನ್ನು ಆಗಾಗ ಪರೀಕ್ಷಿಸುವುದು, ಅಲ್ಲೇ ಇದ್ದ ಗಜನಿಂಬೆ ಗಿಡಗಳ ಬುಡಕ್ಕೆ ಇರುವೆ ಹತ್ತದಂತೆ ಅಂಟುಪಟ್ಟಿ ಸುತ್ತುವುದು ಎಂದು ಒಪ್ಪಂದವಾಯಿತು. ಕಡಿದ ಮರದಿಂದ ಕೀಟಗಳು ಹಾರಿ ಗಜನಿಂಬೆಯನ್ನು ಸೇರಬಾರದೆಂದು ಕೊಡಲಿ ಹಾಕುವ ಮೊದಲೇ ಕಂಚಿ ಮರಕ್ಕೆ ಪೂರ್ತಿಯಾಗಿ ಕೀಟನಾಶಕ ಸಿಂಪಡಿಸಿದೆವು.