ಮುಂದಿನ ನಿಲ್ದಾಣ ಸ್ನಾನ

ಬೆಂಗಳೂರಿನಲ್ಲಿ ಯಾವುದೂ ಹೇಳಿ ಬರುವುದಿಲ್ಲ. ನೆಂಟರು ಹೇಳಿ ಬರುವುದಿಲ್ಲ, ಮಳೆ ಹೇಳಿ ಬರುವುದಿಲ್ಲ, ಕರೆಂಟಂತೂ ಹೇಳಿ ಹೋಗುವುದೇ ಇಲ್ಲ. ಮಧ್ಯಾಹ್ನ ತಟ್ಟೆ ಹಾಕಿಕೊಂಡು ಕೂತ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಲ್ಲಿ ಗೋಡೆ ಕೊರೆಯಲು ಶುರು ಮಾಡುತ್ತಾರೆ. ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಇದೊಂದು ತೊಂದರೆ ಎಂದು ಅನ್ನಿಸಿಯೇ ಇರಲಿಲ್ಲ. "ಹೀಗೇ ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅನ್ನಿಸಿತು" ಎನ್ನುತ್ತ ಚಪ್ಪಲಿ ಬಿಡುವವರಿಗೆ ಇನ್ನೊಂದು ಲೋಟ ಕಾಫಿ ಬೆರೆಸುವ ಮನೆಯಲ್ಲಿ ನಾನು ದೊಡ್ಡವನಾದದ್ದು. ಮಗನಿಗೆ ಆಟಿಸಂ, ಅಂದರೆ ಮಾತು, ಒಡನಾಟ, ಸುತ್ತಲಿನ ಸದ್ದುಗದ್ದಲವನ್ನು ಗ್ರಹಿಸುವ ಬಗೆ ಬೇರೆಯಾಗಿರುವ ಸ್ಥಿತಿ, ಇದೆ ಎಂದು ತಿಳಿದ ಮೇಲೆ, ಹೇಳದೆ ಬರುವ ಒಂದೊಂದಕ್ಕೂ ಅವನು ಎಷ್ಟು ಬೆಲೆ ತೆರುತ್ತಾನೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ.

ನಾವಿರುವುದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ. ಅಲ್ಲಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸುಮಾರು ಆರು ವಾರ ರಜೆ. ರಜೆ ಸಿಕ್ಕಿದೊಡನೆ ಬಸವನಗುಡಿಗೆ, ನನ್ನ ಅಪ್ಪ ಅಮ್ಮನ ಮನೆಗೆ ಬಂದುಬಿಡುತ್ತೇವೆ. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ಅವಳು ಕಣ್ಣು ಬಿಟ್ಟಾಗಿನಿಂದ ಮುಚ್ಚುವ ತನಕ ಮಾತನಾಡುತ್ತಾಳೆ. ಅವನು ತನಗೆ ಬೇಕಾದಾಗ ಮಾತ್ರ ಬಾಯಿ ತೆರೆಯುತ್ತಾನೆ. ಬಹಳ ಸಲ ಎಲ್ಲೋ ಕೇಳಿದ ವಾಕ್ಯವನ್ನು, ಕೇಳಿದ ರಾಗದಲ್ಲೇ ಹೇಳುತ್ತಾನೆ.

"ಅಲ್ಲಿ ಎಲ್ಲ ಅನುಕೂಲ ಇರುತ್ತದಲ್ಲ, ನಿಮಗೇನು" ಎನ್ನುವವರು ಬಹಳ. ಅರ್ಧ ನಿಜ. ಅಲ್ಲಿ 2014ರ ಕಾನೂನಿನ ಪ್ರಕಾರ ಇಂಥ ಮಗುವಿಗೆ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಒಂದು ಯೋಜನೆ ಬರೆದುಕೊಡುತ್ತಾರೆ. ಅಗತ್ಯವಿದ್ದರೆ ಅದು 25 ವರ್ಷದವರೆಗೂ ನಡೆಯುತ್ತದೆ. ಶಾಲೆಯಲ್ಲಿ ಯಾರು, ಎಷ್ಟು ಹೊತ್ತು ಜೊತೆಗಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅರ್ಜಿ ಕೊಟ್ಟ 20 ವಾರಗಳೊಳಗೆ ಯೋಜನೆ ಕೈಗೆ ಬರಬೇಕು ಎಂದೂ ನಿಯಮವಿದೆ. ನಮ್ಮದು ಬರುವಷ್ಟರಲ್ಲಿ ಮಗನ ಶೂ ಕಾಲಿಗೆ ಹಿಡಿಯದಂತಾಗಿತ್ತು. ಅದಕ್ಕೂ ಮೊದಲು ಆಟಿಸಂ ಹೌದೋ ಅಲ್ಲವೋ ಎಂದು ನೋಡಿ ಹೇಳುವವರಿಗಾಗಿ ಕಾದದ್ದು ಬೇರೆ. ಬೆಂಗಳೂರಿನಲ್ಲಿ ದುಡ್ಡಿದ್ದವರಿಗೆ ಆ ಕಾಯುವಿಕೆ ಇಲ್ಲ. ಇಲ್ಲದವರ ಪಾಡು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಿಜವಾದ ಅನುಕೂಲವೆಂದರೆ ಅಲ್ಲಿ ಎಲ್ಲವೂ ಮೊದಲೇ ತಿಳಿಯುತ್ತದೆ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಂದು ಉದ್ದನೆಯ ಹಲಗೆ ಇದೆ. ಅದಕ್ಕೆ ವೆಲ್ಕ್ರೋ ಪಟ್ಟಿ, ಪಟ್ಟಿಯ ಮೇಲೆ ಸಾಲಾಗಿ ಚಿತ್ರಗಳು: ಹಲ್ಲುಜ್ಜುವ ಬ್ರಷ್, ಸಮವಸ್ತ್ರ, ಬ್ರೆಡ್ಡು, ಶಾಲೆಯ ವ್ಯಾನು. ಮುಗಿದ ಕೆಲಸದ ಚಿತ್ರವನ್ನು ಅವನೇ 'ಚರ್' ಎಂದು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತಾನೆ. ಆ ಸದ್ದು ಕೇಳಿದರೆ ನನ್ನ ಹೆಂಡತಿ ಮಹಡಿಯ ಮೇಲಿಂದಲೇ ಬೆಳಗ್ಗೆ ಎಲ್ಲಿಗೆ ಬಂದಿದೆ ಎಂದು ಹೇಳಬಲ್ಲಳು. ಅಲ್ಲಿ ಯಾರೂ ಹೇಳದೆ ಮನೆಗೆ ಬರುವುದಿಲ್ಲ. ಹೇಳಿಯೂ ಬರುವುದಿಲ್ಲ ಎನ್ನಿ. ಇಬ್ಬರಿಗೂ ಜ್ವರ ಬಂದ ದಿನ ಮಕ್ಕಳನ್ನು ಹತ್ತು ನಿಮಿಷ ನೋಡಿಕೊಳ್ಳಿ ಎಂದು ಕರೆಯಲು ಒಂದು ಬಾಗಿಲೂ ಇಲ್ಲದ ಊರು ಅದು.

ಇಲ್ಲಿ ಬಾಗಿಲು ತುಂಬ ಜನ. ಬಂದ ಪ್ರತಿಯೊಬ್ಬರ ಬಳಿಯೂ ಒಂದು ಕಾರಣ, ಒಂದು ಪರಿಹಾರ ಸಿದ್ಧ. ಮೊಬೈಲ್ ಕೊಟ್ಟು ಹೀಗಾಗಿದೆ. ಜನವಿಲ್ಲದ ದೇಶದಲ್ಲಿ ಬೆಳೆಸಿ ಹೀಗಾಗಿದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿ. ನಮ್ಮ ಮಾವನವರಿಗೂ ಐದು ತುಂಬಿದ ಮೇಲೆಯೇ ಮಾತು ಬಂದದ್ದು, ಆಮೇಲೆ ವಕೀಲರಾದರು. ಈ ಕಾರಣ ಹುಡುಕುವ ಚಟ ನಮ್ಮವರದು ಮಾತ್ರವಲ್ಲ. ಗಾಂಧಿಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನ ಶುರುವಾದ 1943ರಲ್ಲೇ ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ ದೊಡ್ಡ ದೊಡ್ಡ ವೈದ್ಯರೇ ತಾಯಿಗೆ ಪ್ರೀತಿ ಸಾಲದ್ದರಿಂದ ಮಗು ಹೀಗಾಯಿತು ಎಂದು ನಂಬಿದ್ದರು. ತಮ್ಮ ಮಗಳಿಗೇ ಆಟಿಸಂ ಇದ್ದ ಮನೋವೈದ್ಯೆ ಲೋರ್ನಾ ವಿಂಗ್ ಮತ್ತು ಇತರ ತಂದೆತಾಯಿಯರು ಸೇರಿ 1962ರಲ್ಲಿ ಬ್ರಿಟನ್ನಿನಲ್ಲಿ ಇಂಥ ಮಕ್ಕಳಿಗಾಗಿ ಸಂಘ ಕಟ್ಟಿದರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗುಲ್ಲಿಗೆ ಮೂಲವಾದ 1998ರ ಲೇಖನವನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದರೂ ಅದು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಆಗಾಗ ಹಾಜರಿ ಹಾಕುತ್ತದೆ. ಬಜೆಯವರ ಮೇಲೆ ನನಗೆ ಕೋಪವಿಲ್ಲ. ಸ್ಟೆಮ್ ಸೆಲ್ ಚುಚ್ಚಿಸಿದರೆ ಹುಡುಗ ಸರಿಹೋಗುತ್ತಾನೆ ಎಂದು ಲಕ್ಷಗಟ್ಟಲೆ ಕೀಳುವವರ ಮೇಲಿದೆ. ಆಟಿಸಂ ವಿಷಯದಲ್ಲಿ ಆ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿಲ್ಲ. ಬಜೆಗಾದರೆ ಖರ್ಚಾದರೂ ಕಡಿಮೆ.

2025ರ ವರಮಹಾಲಕ್ಷ್ಮಿ ಹಬ್ಬದ ದಿನ ಮನೆ ಹೇಗಿತ್ತು ಎಂದು ಹೇಳುತ್ತೇನೆ. ಬೆಳಗ್ಗೆ ಐದಕ್ಕೇ ಮಿಕ್ಸಿ. ಒಬ್ಬಟ್ಟಿನ ಬೇಳೆಗೆ ಒಂದು ಕುಕ್ಕರ್, ಅನ್ನಕ್ಕೆ ಇನ್ನೊಂದು. ಎರಡೂ ಸರದಿಯ ಮೇಲೆ ಕೂಗುತ್ತಿದ್ದವು. ಗಾಂಧಿಬಜಾರಿನಿಂದ ತಂದ ತಾವರೆ, ಕೇದಗೆ, ಮಲ್ಲಿಗೆ, ಮೇಲೆ ಸಾಂಬ್ರಾಣಿ. ಸಂಜೆಗೆ ಅರಿಶಿನ ಕುಂಕುಮಕ್ಕೆ ಬರುವವರ ಸಾಲು, ರೇಷ್ಮೆ ಸೀರೆಗಳ ಸರಭರ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಇದು ನನಗೆ ಹಬ್ಬ. ಮಗನಿಗೆ ಇದರಲ್ಲಿ ಯಾವುದು ಹತ್ತಿರ, ಯಾವುದು ದೂರ, ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ವಿಂಗಡವಾಗುವುದಿಲ್ಲ. ಎಲ್ಲವೂ ಒಟ್ಟಿಗೆ, ಒಂದೇ ಜೋರಿನಲ್ಲಿ ಒಳನುಗ್ಗುತ್ತದೆ. ಕಿವಿಗೆ ನೀಲಿ ಬಣ್ಣದ ದಪ್ಪ ರಕ್ಷಣೆ ಹಾಕಿಕೊಂಡು ಊಟದ ಮೇಜಿನ ಕೆಳಗೆ ಕೂತಿದ್ದ. ಸಂಭ್ರಮದಲ್ಲಿದ್ದ ಒಬ್ಬ ದೊಡ್ಡಮ್ಮ ಬಗ್ಗಿ, ಅದನ್ನು ತೆಗೆದು, ಕೆನ್ನೆ ಹಿಂಡಿ "ಫಾರಿನ್ ರಾಜಕುಮಾರಾ" ಎಂದರು.

ಹಟ ಬೇರೆ, ಆಗ ನಡೆದದ್ದು ಬೇರೆ. ಹಟ ಮಾಡುವ ಮಗು ಅಳುತ್ತಲೇ ನಿಮ್ಮನ್ನು ಓರೆಗಣ್ಣಿನಲ್ಲಿ ನೋಡುತ್ತಿರುತ್ತದೆ, ಕೇಳಿದ್ದು ಸಿಕ್ಕರೆ ಕಣ್ಣೊರೆಸಿಕೊಳ್ಳುತ್ತದೆ. ನನ್ನ ಮಗ ಕುಸಿದಾಗ ಅವನಿಗೆ ಏನೂ ಬೇಕಿರುವುದಿಲ್ಲ, ಯಾರೂ ಬೇಕಿರುವುದಿಲ್ಲ. ಬೈದರೂ ಮುದ್ದಿಸಿದರೂ ಗದ್ದಲ ಹೆಚ್ಚಾಗುತ್ತದೆ, ಅಷ್ಟೇ. ಹೆಂಡತಿ ನಡುಮನೆಯ ದೀಪ ಆರಿಸಿದಳು. ಅಮ್ಮ ತಾಂಬೂಲದ ತಟ್ಟೆ ಹಿಡಿದುಕೊಂಡೇ ಬಂದವರನ್ನೆಲ್ಲ ವರಾಂಡಕ್ಕೆ ಸಾಗಿಸಿದರು. ಹಬ್ಬದ ದಿನ ಮುತ್ತೈದೆಯರನ್ನು ಹೊಸ್ತಿಲಾಚೆ ಕೂರಿಸುವುದು ಅವರಿಗೆ ಎಷ್ಟು ಇರಿಸುಮುರಿಸು ಎಂದು ನನಗೆ ಗೊತ್ತು. ಒಂದು ಮಾತು ಆಡಲಿಲ್ಲ. ಹುಡುಗ ಸುಧಾರಿಸಿಕೊಂಡ ಮೇಲೆ ಅಪ್ಪ ಚೀಲ ಹೆಗಲಿಗೇರಿಸಿ, "ಬಾರೋ, ಮೆಟ್ರೊಗೆ ಹೋಗೋಣ" ಎಂದರು.

ಈ ಊರಿನಲ್ಲಿ ಎಲ್ಲವನ್ನೂ ಮೊದಲೇ ಹೇಳುವ ಜಾಗ ಒಂದಿದ್ದರೆ ಅದು ನಮ್ಮ ಮೆಟ್ರೊ. ರೈಲು ಎಷ್ಟು ನಿಮಿಷದಲ್ಲಿ ಬರುತ್ತದೆ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲ ಮುಂಚಿತವಾಗಿ ಗೊತ್ತು. ಹೇಳಿದ್ದು ಹೇಳಿದ ಹಾಗೆಯೇ ಆಗುತ್ತದೆ ಕೂಡ. ತಾತ ಮೊಮ್ಮಗ ಇಬ್ಬರೂ ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ ಹಸಿರು ಮಾರ್ಗದ ತುದಿ ಮುಟ್ಟಿಸಿ ಬರುತ್ತಾರೆ. ಮಗ ಮನೆಗೆ ಬಂದು ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ, ಆರ್.ವಿ. ರಸ್ತೆ, ಬನಶಂಕರಿ ಎಂದು ಒಂದೂ ತಪ್ಪದೆ ಒಪ್ಪಿಸುತ್ತಾನೆ. ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿಯಾಗಿದ್ದ ನಿರೂಪಕಿ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ನನ್ನ ಮಗ ಕನ್ನಡ ಕಲಿತದ್ದು ಮುಕ್ಕಾಲು ಪಾಲು ಅವರಿಂದಲೇ. ಒತ್ತಕ್ಷರ, ಮಹಾಪ್ರಾಣ ಯಾವುದೂ ಜಾರುವುದಿಲ್ಲ, ಅವನಪ್ಪನಿಗಿಂತ ಸ್ಪಷ್ಟ.

ಆ ಪ್ರಕಟಣೆಯ ಧಾಟಿಯನ್ನು ಮೊದಲು ಬಳಸಿಕೊಂಡವರು ಅಪ್ಪ. ಒಂದು ಬೆಳಗ್ಗೆ ಹುಡುಗ ಜಪ್ಪಯ್ಯ ಎಂದರೂ ಹಾಸಿಗೆ ಬಿಟ್ಟೇಳಲಿಲ್ಲ. ಇವರು ಬಾಗಿಲಲ್ಲಿ ನಿಂತು ಅದೇ ಗತ್ತಿನಲ್ಲಿ, "ಮುಂದಿನ ನಿಲ್ದಾಣ, ಸ್ನಾನ. ಬಾಗಿಲುಗಳು ಎಡಕ್ಕೆ ತೆರೆಯಲಿವೆ" ಎಂದರು. ಬಚ್ಚಲುಮನೆ ಇರುವುದು ಎಡಕ್ಕೇ. ಎದ್ದು ಹೋದ. ಈಗ ತಿಂಡಿ, ಉಗುರು ಕತ್ತರಿಸುವುದು, ಮದುವೆಮನೆ, ಎಲ್ಲವೂ ನಿಲ್ದಾಣಗಳೇ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ, ಮನೆಯಲ್ಲಿ ಎಂದೂ ದನಿಯೆತ್ತಿ ಮಾತನಾಡದ ಮನುಷ್ಯ ದಿನವಿಡೀ ಪ್ರಕಟಣೆ ಹೊರಡಿಸುತ್ತಾರೆ. ಇಂಗ್ಲೆಂಡಿನ ತಜ್ಞರು ವೆಲ್ಕ್ರೋ ಹಲಗೆಯಲ್ಲಿ ಮಾಡುವುದನ್ನೇ ಇವರು ಗಂಟಲಿನಲ್ಲಿ ಮಾಡುತ್ತಿದ್ದಾರೆ.

ಹಬ್ಬ ಮುಗಿದ ಎರಡು ದಿನಕ್ಕೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಉದ್ಘಾಟನೆಯಾಯಿತು. ನೇರಳೆ, ಹಸಿರು ಎರಡೇ ಗೆರೆಗಳ ನಕ್ಷೆ ಬಾಯಿಪಾಠವಿದ್ದ ಹುಡುಗನಿಗೆ ಮೂರನೆಯದೊಂದು ದಿಢೀರನೆ ಕಂಡರೆ ಏನಾದೀತು ಎಂದು ನಮಗೆ ಅಳುಕಿತ್ತು. ಅಪ್ಪ ಪತ್ರಿಕೆಯಲ್ಲಿ ಬಂದ ನಕ್ಷೆಯನ್ನು ಮೊದಲೇ ಕತ್ತರಿಸಿಟ್ಟುಕೊಂಡು, ಸ್ಕೆಚ್ ಪೆನ್ನಿನಲ್ಲಿ 16 ನಿಲ್ದಾಣಗಳನ್ನೂ ಅವನ ಕೈಯಲ್ಲೇ ಬರೆಸಿದ್ದರು. ಶುರುವಿನಲ್ಲಿ ಆ ಮಾರ್ಗದಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಉಪ್ಪಿಟ್ಟಿಗೆ ಎರಡು ನಿಮಿಷ ಕಾಯದವನು ಪ್ಲಾಟ್‌ಫಾರ್ಮಿನ ಫಲಕ ನೋಡುತ್ತ ಅಷ್ಟೂ ಹೊತ್ತು ಅಲುಗಾಡದೆ ನಿಂತಿದ್ದನಂತೆ.

ಊಟದ ವಿಷಯ ಎರಡೇ ಮಾತು. ಬಿಳಿಯದು ಮಾತ್ರ ತಿನ್ನುತ್ತಾನೆ: ಇಡ್ಲಿ, ಮೊಸರನ್ನ, ಸಿಪ್ಪೆ ತೆಗೆದ ಸೇಬು. ಮೊಸರನ್ನಕ್ಕೆ ಒಂದು ಸಾಸಿವೆ ಕಾಳು ಬಿದ್ದರೂ ತಟ್ಟೆ ದೂರ. ಒಗ್ಗರಣೆಯಿಲ್ಲದ ಮೊಸರನ್ನ ಕಲೆಸುವುದು ಅಮ್ಮನಿಗೆ ಇಂದಿಗೂ ಸಂಕಟ, ಆದರೂ ಕಲೆಸುತ್ತಾರೆ.

ಅವನ ಮಾತು ತಡವಾದಾಗ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆ ಗೊಂದಲ ಮಾಡುತ್ತದೆ ಎಂದು ಅಲ್ಲಿ ಒಬ್ಬರು ಸಲಹೆ ಕೊಟ್ಟಿದ್ದರು. ಹೆಂಡತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಿಲ್ಲ ಎಂದೇ ಈಚಿನ ಅಧ್ಯಯನಗಳು ಹೇಳುತ್ತವೆ. ಬೆಂಗಳೂರಿನಲ್ಲೂ ಇಂಥ ಸಲಹೆ ಕೇಳಿ ಮನೆಯ ಕನ್ನಡ ನಿಲ್ಲಿಸಿದ ತಂದೆತಾಯಿಯರನ್ನು ಕಂಡಿದ್ದೇನೆ, ಅದಕ್ಕೆ ಬರೆದೆ. ಆ ಸಲಹೆ ಪಾಲಿಸಿದ್ದರೆ ನಮ್ಮಲ್ಲಿ ತಾತನ ಪ್ರಕಟಣೆಗಳೂ ಇರುತ್ತಿರಲಿಲ್ಲ.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ. ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅಂಗವಿಕಲರ ಗುರುತಿನ ಕಾರ್ಡು ಮಾಡಿಸಿದರೆ ಹುಡುಗನ ಮದುವೆಗೆ ಅಡ್ಡಿ ಎಂದು ಯಾರೋ ಹೆದರಿಸಿದ್ದಕ್ಕೆ ಎಂಟು ವರ್ಷದ ಮಗುವಿನ ಸವಲತ್ತು ಬಿಟ್ಟುಕೊಡಬೇಡಿ. ಕಣ್ಣಿಗೆ ಕಾಣದ ತೊಂದರೆ ಇರುವವರಿಗಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಈಗ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಸಿಬ್ಬಂದಿ ಹುಡುಗನನ್ನು ಅವಸರಪಡಿಸುವುದಿಲ್ಲ.

ಇನ್ನು ನಮ್ಮ ಮನೆಗೆ ಬರುವವರು ಒಂದು ಮೆಸೇಜ್ ಹಾಕಿ ಬನ್ನಿ. ಜೊತೆಗೆ ನಿಮ್ಮದೊಂದು ಫೋಟೊ ಕಳಿಸಿ. ಅಪ್ಪ ಅದನ್ನು ಮುದ್ರಿಸಿ ಫ್ರಿಜ್ಜಿನ ಮೇಲಿನ ಹಲಗೆಗೆ ಅಂಟಿಸುತ್ತಾರೆ. ಕನ್ನಡಕ ಹಾಕುವವರು ಹಾಕಿಕೊಂಡೇ ತೆಗೆಸಿ. ಹೋದ ಸಲ ನನ್ನ ಸೋದರಮಾವ ಹಳೆಯ ಫೋಟೊ ಕಳಿಸಿ, ಮೀಸೆ ಬೋಳಿಸಿಕೊಂಡು ಬಂದಿದ್ದರು. ಹುಡುಗ ಅವರನ್ನು ಒಳಗೆ ಬಿಡಲಿಲ್ಲ.

ಮಗಳ ಬಗ್ಗೆ ಒಂದು ಮಾತು ಬಾಕಿ. ಬಂದವರು ಅವಳ ತಲೆ ಸವರಿ, "ಮುಂದೆ ಅಣ್ಣನನ್ನು ನೀನೇ ತಾನೇ ನೋಡಿಕೊಳ್ಳಬೇಕು ಪುಟ್ಟಿ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ನನಗೆ ಮೈ ಉರಿಯುತ್ತದೆ. ನಾಲ್ಕು ವರ್ಷದ ಹುಡುಗಿಗೆ ನೌಕರಿ ಗೊತ್ತುಮಾಡುವುದಕ್ಕೆ ಇವರು ಯಾರು? ಅವಳಿಗೆ ಈಗ ಬೇಕಾದದ್ದು ಅಣ್ಣನ ಹಾಗೆ ಕಿವಿಗೆ ಹಾಕಿಕೊಳ್ಳುವ ರಕ್ಷಣೆ, ಅದೂ ಗುಲಾಬಿ ಬಣ್ಣದ್ದು, ಮತ್ತು ತಾನು ಹೇಳುವುದನ್ನು ಪೂರ್ತಿ ಕೇಳುವ ಒಬ್ಬ ಮನುಷ್ಯ. ಅದಕ್ಕೆ ಭಾನುವಾರ ಬೆಳಗ್ಗೆ ಅವಳೊಬ್ಬಳನ್ನೇ ಗಾಂಧಿಬಜಾರಿಗೆ ಕರೆದುಕೊಂಡು ಹೋಗುತ್ತೇನೆ. ದೋಸೆಯ ಗರಿಯಾದ ಅಂಚನ್ನಷ್ಟೇ ಮುರಿದು ತಿಂದು, ಪಲ್ಯ ನನ್ನ ತಟ್ಟೆಗೆ ತಳ್ಳಿ, ಶಾಲೆಯಲ್ಲಿ ಯಾರ ಪೆನ್ಸಿಲ್ ಯಾರು ಕದ್ದರು ಎಂಬ ದೂರನ್ನು ಅವಳು ಆದಿಯಿಂದ ಒಪ್ಪಿಸುತ್ತಾಳೆ. ಆ ಹೊತ್ತಿಗೆ ಫ್ರಿಜ್ಜಿನ ಹಲಗೆಯ ಮೇಲೆ ನನ್ನ ಫೋಟೊ ಇರುವುದಿಲ್ಲ, ಅಜ್ಜಿಯದಿರುತ್ತದೆ. ಹಿಂದಿನ ರಾತ್ರಿಯೇ ಮಗ ಅದನ್ನು ನೋಡಿಕೊಂಡು ಮಲಗಿರುತ್ತಾನೆ.