ಪಿನ್‌ಬಾಲ್ ಯಂತ್ರವನ್ನು ದೂಡಬಹುದು, ಕಂಪ್ಯೂಟರನ್ನು ದೂಡಲಾಗದು

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಸಮೀಪದ ಒಂದು ಕಂಪ್ಯೂಟರ್ ಕ್ಲಾಸಿಗೆ ಟ್ಯಾಲಿ ಕಲಿಯಲೆಂದು ಹೋಗಿ ನಾನು ಚೆನ್ನಾಗಿ ಕಲಿತದ್ದು ಪಿನ್‌ಬಾಲ್, ಅಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡನ್ನು ಕೆಳಗೆ ಜಾರಿಹೋಗದಂತೆ ಹೊಡೆಯುತ್ತ ಅಂಕ ಗಳಿಸುವ ಆಟ. ವಿಂಡೋಸ್ ಎಕ್ಸ್‌ಪಿಯೊಂದಿಗೆ ಬರುತ್ತಿದ್ದ ‘ಸ್ಪೇಸ್ ಕೆಡೆಟ್’ ಆಟದಲ್ಲಿ ಝಡ್ ಕೀಲಿ ಎಡ ಫ್ಲಿಪ್ಪರನ್ನೂ (ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ತೋಳು) ಓರೆಗೆರೆಯ ಕೀಲಿ ಬಲ ಫ್ಲಿಪ್ಪರನ್ನೂ ಎತ್ತುತ್ತಿದ್ದವು. ಸರ್ ಚಹಾ ಕುಡಿದು ಬರುವಷ್ಟರಲ್ಲಿ ಮೂರೂ ಚೆಂಡುಗಳನ್ನು ಆಡಿ ಮುಗಿಸಬೇಕಿತ್ತು.

ನಿಜವಾದ ಯಂತ್ರವನ್ನು ನಾನು ಮುಟ್ಟಿದ್ದು ಎಷ್ಟೋ ವರ್ಷಗಳ ನಂತರ, ಕಚೇರಿಯ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ, ಅಲಮೇಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂನಲ್ಲಿ. ಅಲ್ಲಿ ಪ್ರವೇಶ ಶುಲ್ಕ ಕೊಟ್ಟವರು ಮತ್ತೆ ನಾಣ್ಯ ಹಾಕದೆ ಆಡಬಹುದು. ಅರ್ಧ ತಾಸಿನೊಳಗೆ ನನ್ನ ಹಳೆಯ ಅಭ್ಯಾಸದ ಬೆಲೆ ತಿಳಿಯಿತು: ಗುರಿ ಹಿಡಿಯುವುದು ಬರುತ್ತಿತ್ತು, ಚೆಂಡನ್ನು ಉಳಿಸಿಕೊಳ್ಳುವುದು ಬರುತ್ತಿರಲಿಲ್ಲ.

ಸುಮಾರು 80 ಗ್ರಾಂ ತೂಕದ, 27 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಆರೂವರೆ ಡಿಗ್ರಿಯಷ್ಟು ಇಳಿಜಾರಿನ ಹಲಗೆಯ ಮೇಲೆ ಉರುಳಿ ಬರುವಾಗ ಅದರ ಭಾರ ಅಂಗೈಗೇ ತಿಳಿಯುತ್ತದೆ. ರಬ್ಬರ್ ಸವೆದಿದ್ದರೆ ಪುಟಿತ ಬೇರೆ, ಹಲಗೆಗೆ ಹೊಸದಾಗಿ ಮೇಣ ಹಚ್ಚಿದ್ದರೆ ವೇಗ ಬೇರೆ. ಒಂದೇ ಮಾದರಿಯ ಎರಡು ಯಂತ್ರಗಳೂ ಒಂದೇ ರೀತಿ ಆಡುವುದಿಲ್ಲ. ಇವನ್ನೆಲ್ಲ ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು, ಪಕ್ಕದ ಯಂತ್ರದಲ್ಲಿ ಆಡುತ್ತಿದ್ದ ಹಿರಿಯರೊಬ್ಬರು ನೂರು ಕಿಲೋ ಮೀರಿದ ಆ ಪೆಟ್ಟಿಗೆಯನ್ನು ಸೊಂಟದಿಂದಲೂ ಅಂಗೈಯಿಂದಲೂ ಮೆಲ್ಲಗೆ ದೂಡುತ್ತ, ಬಿದ್ದರೆ ಚೆಂಡು ಕೈತಪ್ಪಿ ಹೋಗುವ ಬದಿಯ ಓಣಿಗೆ ಇಳಿಯಲಿದ್ದ ಚೆಂಡನ್ನು ಮತ್ತೆ ಮತ್ತೆ ಒಳಕ್ಕೆ ತಂದುಕೊಳ್ಳುತ್ತಿದ್ದುದು.

ಕೇರಂ ಆಡುವಾಗ ಹಲಗೆ ಅಲುಗಿದರೆ ಕಾಕಾನಿಂದ ಬೈಸಿಕೊಂಡು ಬೆಳೆದ ನನಗೆ ಇದು ಮೋಸವೆಂದೇ ತೋರಿತು. ಆದರೆ ಪಿನ್‌ಬಾಲಿನಲ್ಲಿ ಈ ದೂಡುವಿಕೆ ಫ್ಲಿಪ್ಪರಿಗಿಂತಲೂ ಹಳೆಯದು. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್‌ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದೊಂದಿಗೆ. ಅದಕ್ಕೆ ಮೊದಲು ಚೆಂಡನ್ನು ಚಿಮ್ಮಿಸಿದ ಮೇಲೆ ಆಟಗಾರನ ಕೈಯಲ್ಲಿ ಉಳಿಯುತ್ತಿದ್ದ ಉಪಾಯ ಇದೊಂದೇ. ಇದಕ್ಕೆ ಮಿತಿಯೂ ಉಂಟು. ಪೆಟ್ಟಿಗೆಯೊಳಗೆ ಒಂದು ಬಳೆಯ ನಡುವೆ ಗೌಂಡಿಗಳ ತೂಗುಗುಂಡಿನಂಥ ಲೋಲಕ ತೂಗಾಡುತ್ತಿರುತ್ತದೆ. ದೂಡುವುದು ಹೆಚ್ಚಾದರೆ ಅದು ಬಳೆಗೆ ತಾಗಿ ವಿದ್ಯುತ್ ಹರಿದು ‘ಟಿಲ್ಟ್’ ಆಗುತ್ತದೆ, ಫ್ಲಿಪ್ಪರುಗಳು ಸತ್ತಂತಾಗುತ್ತವೆ, ಚೆಂಡು ಕಣ್ಣೆದುರೇ ಕೆಳಗಿಳಿದು ಹೋಗುತ್ತದೆ. ಆ ಮಿತಿಯ ಅಂಚಿನವರೆಗೆ ಹೋಗಿ ನಿಲ್ಲುವುದೇ ಕೌಶಲ.

ಸ್ಪೇಸ್ ಕೆಡೆಟ್‌ನಲ್ಲಿಯೂ ದೂಡುವುದಕ್ಕೆ ಎಕ್ಸ್, ಚುಕ್ಕೆ ಮತ್ತು ಮೇಲ್ಬಾಣದ ಕೀಲಿಗಳಿದ್ದವು, ಟಿಲ್ಟ್ ಕೂಡ ಇತ್ತು. ಆದರೆ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ತಳ್ಳು ಒಂದೇ ಅಳತೆಯದು. ಎಷ್ಟು ದೂಡಬೇಕು ಎಂಬ ನಿರ್ಧಾರ ನನ್ನದಲ್ಲ. ನನ್ನ ಮಟ್ಟಿಗೆ ಎರಡರ ನಡುವಿನ ನಿಜವಾದ ಅಂತರ ಇಷ್ಟೇ. ಚಿತ್ರ, ಸದ್ದು, ದೀಪಗಳನ್ನು ಪರದೆ ಹೇಗೋ ತಂದುಕೊಡುತ್ತದೆ. ಟಿವಿ ಪರದೆಯನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಅಲುಗಾಟ ಅಳೆಯುವ ಸಂವೇದಕ ಜೋಡಿಸಿ ಆಡುವ ಹವ್ಯಾಸಿಗಳೂ ಈಗ ಇದ್ದಾರೆ. ಅವರೂ ಈ ಕೊರತೆಯನ್ನೇ ತುಂಬಿಕೊಳ್ಳುತ್ತಿದ್ದಾರೆಂದು ನನ್ನ ಊಹೆ.

ಹಾಗೆಂದು ಪರದೆಯ ಆಟವನ್ನು ನಾನು ಬಿಟ್ಟಿಲ್ಲ. ನಿಜವಾದ ಯಂತ್ರದಲ್ಲಿ ಫ್ಲಿಪ್ಪರನ್ನು ಎತ್ತುವ ವಿದ್ಯುತ್ ಸುರುಳಿ ಸುಟ್ಟರೆ ಬದಲಿಸುವ ಮೆಕ್ಯಾನಿಕನನ್ನು ಹುಬ್ಬಳ್ಳಿಯಲ್ಲಿ ಎಲ್ಲಿಂದ ತರುವುದು? ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಎರಡು ಆಟ ಆಡುತ್ತೇನೆ. ಮೊನ್ನೆ ಚೆಂಡು ಬದಿಯ ಓಣಿಯತ್ತ ಸರಿದಾಗ ನನಗರಿವಿಲ್ಲದೆ ಮೇಜಿಗೆ ಸೊಂಟ ಕೊಟ್ಟೆನೆಂದು ಕಾಣುತ್ತದೆ, ನೀರಿನ ಲೋಟ ಉರುಳಿತು. ಮಗಳು ಪುಸ್ತಕದಿಂದ ತಲೆಯೆತ್ತಿ, “ಅಪ್ಪಾ, ಟೇಬಲ್ ಯಾಕ ದೂಡ್ತಿ?” ಎಂದಳು.